ಖಾಲಿ ಕತ್ತರಿ

ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಇರಲಿ. ಮೂವತ್ತನಾಲ್ಕು ವರ್ಷ ಕತ್ತರಿ ಹಿಡಿದು ನಿಂತವನಿಗೆ ಅಷ್ಟಾದರೂ ಬೇಡವೇ? ಆದರೆ ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಕೋಪ ಬಂದಿರುವುದು ನನ್ನ ಮೇಲೆಯೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನ ಕಡೆ ಬೆರಳು ತೋರಿಸುವ ಕಷ್ಟ ತೆಗೆದುಕೊಳ್ಳಬೇಕಾಗಿಲ್ಲ.

ನನ್ನದು ಎರಡು ಕುರ್ಚಿಯ ಕಟಿಂಗ್ ಶಾಪ್. ಮುಂದಿನ ಭಾಗ ಗಂಡಸರಿಗೆ, ಪರದೆಯ ಹಿಂದಿನ ಭಾಗ ಹೆಂಗಸರಿಗೆ. ಅದು ನನ್ನ ಹೆಂಡತಿಯ ರಾಜ್ಯ. ನನ್ನ ಗಿರಾಕಿಗಳಲ್ಲಿ ಎಲ್ಲರಿಗಿಂತ ಹಳಬರು ಡ್ರೈವರಣ್ಣ. ರೈಲು ಇಂಜಿನ್ ಓಡಿಸಿ ನಿವೃತ್ತರಾದವರು, ಎಪ್ಪತ್ತೊಂದು ವರ್ಷ. ಹೆಂಡತಿ ತೀರಿಕೊಂಡಿದ್ದಾರೆ; ಮಗಳು, ಅಳಿಯ, ಎಂಟು ವರ್ಷದ ಮೊಮ್ಮಗಳ ಜೊತೆ ಎರಡು ಬೀದಿ ಆಚೆ ಇದ್ದಾರೆ. ತಿಂಗಳ ಮೊದಲ ಗುರುವಾರ ಬೆಳಗ್ಗೆ ಒಂಬತ್ತಕ್ಕೆ ಅಂಗಡಿ ಬಾಗಿಲಲ್ಲಿ ಹಾಜರ್. ಒಂಬತ್ತು ಎಂದರೆ ಒಂಬತ್ತೇ. ನಾನು ಬಾಗಿಲು ತೆಗೆಯುವುದು ಎರಡು ನಿಮಿಷ ತಡವಾದರೆ ಸಾಕು, "ಏನಪ್ಪಾ, ಸಿಗ್ನಲ್ ಸಿಗ್ಲಿಲ್ವಾ?" ಎಂದು ಕಿಚಾಯಿಸುತ್ತಿದ್ದರು.

ಕಳೆದ ವರ್ಷ ಒಂದು ಸೋಮವಾರ ಅವರು ಬಂದು ಕುರ್ಚಿಯಲ್ಲಿ ಕೂತರು. "ತಲೆ ಕಾಡಾಗಿಬಿಟ್ಟಿದೆ ನೋಡು, ಸ್ವಲ್ಪ ದಾರಿ ಮಾಡು" ಎಂದರು. ನಾನು ನಕ್ಕೆ. ನಾಲ್ಕು ದಿನದ ಹಿಂದೆ, ಗುರುವಾರ, ಆ ಕಾಡನ್ನು ನಾನೇ ಕಡಿದಿದ್ದೆ; ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಆದರೆ ಕನ್ನಡಿಯಲ್ಲಿ ಅವರ ಮುಖದಲ್ಲಿ ತಮಾಷೆ ಇರಲಿಲ್ಲ. ಕಣ್ಣು ಮುಚ್ಚಿ, ಕತ್ತು ಸ್ವಲ್ಪ ಮುಂದೆ ಬಗ್ಗಿಸಿ, ನಾನು ಬಟ್ಟೆ ಹೊದಿಸುವುದನ್ನೇ ಕಾಯುತ್ತಿದ್ದರು. 

ಬೆಂಚಿನ ಮೇಲೆ ಇನ್ನಿಬ್ಬರು ಗಿರಾಕಿಗಳು ಇದ್ದರು. ಅವರೆದುರು 'ನೀವು ಮೊನ್ನೆ ತಾನೆ ಬಂದಿದ್ರಲ್ಲ' ಎಂದು ಹೇಗೆ ಹೇಳುವುದು? ಇಂಥ ಮನುಷ್ಯನ ಮರ್ಯಾದೆಯನ್ನು ನಾನು ತೆಗೆಯುವುದೇ? ಬಟ್ಟೆ ಹೊದಿಸಿದೆ. ನೀರು ಚಿಮುಕಿಸಿದೆ. ಬಾಚಣಿಗೆ ಆಡಿಸುತ್ತಾ, ಕೂದಲಿಗೆ ತಾಗದ ಹಾಗೆ ಕತ್ತರಿಯನ್ನು ಗಾಳಿಯಲ್ಲಿ ಕಚಕಚ ಅನ್ನಿಸಿದೆ. ಹತ್ತು ನಿಮಿಷ ಹಾಗೇ ಮಾಡಿ, ಬ್ರಷ್ಷಿನಿಂದ ಕತ್ತು ಒರೆಸಿ, ಹಿಂದೆ ಕೈಗನ್ನಡಿ ಹಿಡಿದು ತೋರಿಸಿದೆ. "ಭೇಷ್" ಎಂದರು. ದುಡ್ಡು ತೆಗೆಯಲು ಹೋದಾಗ ಆಮೇಲೆ ನೋಡೋಣ ಎಂದು ಸಾಗಹಾಕಿದೆ. ಏನೋ ದೊಡ್ಡ ಉಪಕಾರ ಮಾಡಿದವನ ಹಾಗೆ ಎದೆಯುಬ್ಬಿಸಿಕೊಂಡು ನಿಂತಿದ್ದೆ, ದಡ್ಡ ಶಿಖಾಮಣಿ.

ಅದೂ ಸೇರಿ ಐದು ತಿಂಗಳಲ್ಲಿ ಹೀಗೆ ಏಳು ಸಲ ಆಯಿತು. ತಲೆ ಹಿಡಿಯುವವನಿಗೆ ಬೇರೆಯವರಿಗೆ ಕಾಣದ ಕೆಲವು ಸಂಗತಿಗಳು ಕಾಣುತ್ತವೆ. ಮೊದಲೆಲ್ಲ ನನ್ನ ಬೆರಳು ಕಿವಿಯ ಹತ್ತಿರ ಬಂದರೆ ಸಾಕು, ಡ್ರೈವರಣ್ಣ ತಾವಾಗಿಯೇ ತಲೆ ಓರೆ ಮಾಡುತ್ತಿದ್ದರು. ಈಗ 'ಎಡಕ್ಕೆ' ಎಂದು ಬಾಯಿಬಿಟ್ಟು ಹೇಳಿದರೂ ಒಂದು ಕ್ಷಣ ಯೋಚಿಸುತ್ತಿದ್ದರು. ಬಾಚಣಿಗೆ ಎನ್ನಲು ಪದ ಸಿಗದೆ "ಅದೇ ಅದು, ಹಲ್ಲಿರುತ್ತಲ್ಲ" ಎನ್ನುತ್ತಿದ್ದರು. ಗಡ್ಡ ಮಾಡಿಸಿಕೊಳ್ಳುವಾಗ ತಮ್ಮ ಹಳೆಯ ಮಾರ್ಗದ ನಿಲ್ದಾಣಗಳನ್ನು ಸಾಲಾಗಿ ಹೇಳುವುದು ಅವರ ಚಟ. ಕೇಳಿ ಕೇಳಿ ನನಗೂ ಬಾಯಿಪಾಠ ಆಗಿತ್ತು. ಈಗ ಮಧ್ಯದ ಮೂರು ನಿಲ್ದಾಣಗಳನ್ನು ಬಿಟ್ಟು ಮುಂದೆ ಹೋಗುತ್ತಿದ್ದರು. ನಾನು ತುಟಿ ಪಿಟಕ್ಕೆನ್ನಲಿಲ್ಲ.

ನನ್ನನ್ನು ಹಿಡಿದುಕೊಟ್ಟದ್ದು ಪೊರಕೆ. ಗಿರಾಕಿ ಎದ್ದಾಗಲೆಲ್ಲ ಕುರ್ಚಿಯ ಕೆಳಗೆ ಗುಡಿಸುವುದು ನನ್ನ ಹೆಂಡತಿ. ಒಂದು ಸಂಜೆ ಪೊರಕೆಯನ್ನು ಗೋಡೆಗೆ ಒರಗಿಸಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನ್ರೀ, ಡ್ರೈವರಣ್ಣ ಎದ್ದು ಹೋದ್ಮೇಲೆ ಆ ಕುರ್ಚಿ ಕೆಳಗೆ ಒಂದು ಕೂದಲೂ ಇಲ್ಲ. ಏನು ಕಟಿಂಗ್ ಮಾಡಿದ್ರಿ ಅವರಿಗೆ?"

"ಸಣ್ಣಗೆ ಟ್ರಿಮ್ ಮಾಡ್ದೆ."

"ಗಾಳೀನಾ? ಪರದೆ ಹಿಂದೆ ಕೂತಿದ್ರೂ ನಂಗೆ ಕಿವಿ ಇದೆ ಕಣ್ರೀ. ಕೂದಲು ಕತ್ತರಿಸೋ ಸದ್ದೇ ಬೇರೆ, ಖಾಲಿ ಕತ್ತರಿ ಸದ್ದೇ ಬೇರೆ. ಎಷ್ಟು ದಿನದಿಂದ ನಡೀತಿದೆ ಈ ನಾಟಕ?"

ಹೇಳಿದೆ. ಅವರಿಗೆ ಅವಮಾನ ಆಗಬಾರದಲ್ಲ ಎಂದೂ ಸೇರಿಸಿದೆ.

"ಅವರ ಅವಮಾನದ ಮಾತು ಆಮೇಲೆ. ಹೇಳೋಕೆ ನಿಮಗೆ ಧೈರ್ಯ ಇಲ್ಲ, ಅಷ್ಟೇ. ಅವರ ಮಗಳಿಗಾದ್ರೂ ಹೇಳಿ."

"ವಯಸ್ಸಾಯ್ತಲ್ಲ, ಬಿಡೇ!" ಎಂದು ರೇಗಿದೆ.

ಆ ಮಾತು ನನ್ನ ಬಾಯಿಂದಲೇ ಬಂದಿತ್ತು. ಈಗ ಯಾರಾದರೂ ನನ್ನೆದುರು 'ವಯಸ್ಸಾಯ್ತಲ್ಲ' ಎಂದರೆ ಮೈಯೆಲ್ಲ ಉರಿಯುತ್ತದೆ. ಮಂಡಿ ನೋವಾ, ವಯಸ್ಸಾಯ್ತಲ್ಲ. ಕಿವಿ ಕೇಳಲ್ವಾ, ವಯಸ್ಸಾಯ್ತಲ್ಲ. ಮನುಷ್ಯ ಕಣ್ಣೆದುರಿಗೆ ಸ್ವಲ್ಪ ಸ್ವಲ್ಪವೇ ಜಾರಿ ಹೋಗುತ್ತಿದ್ದರೂ ಅದೇ ಮಾತು. ಐದಕ್ಷರದಲ್ಲಿ ಎಲ್ಲರ ಜವಾಬ್ದಾರಿಯೂ ಮುಗಿಯಿತು.

ಹದಿನೈದು ದಿನ ಕಳೆದ ಮೇಲೆ ಡ್ರೈವರಣ್ಣನ ಮಗಳೇ ಅಂಗಡಿಗೆ ಬಂದಳು. ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಅವಳಿಗೆ. ಚಿಕ್ಕವಳಿದ್ದಾಗ ಅವಳ ಹಣೆಗೂದಲು ಕತ್ತರಿಸುತ್ತಿದ್ದವನೂ ನಾನೇ, ಹಾಗಾಗಿ ಇವತ್ತಿಗೂ ನಾನು ಅವಳಿಗೆ ಚಿಕ್ಕಪ್ಪ.

"ಚಿಕ್ಕಪ್ಪ, ಆರೋಗ್ಯ ಕೇಂದ್ರದಲ್ಲಿ ಅರವತ್ತು ದಾಟಿದವರಿಗೆಲ್ಲ ಜ್ಞಾಪಕಶಕ್ತಿ ಪರೀಕ್ಷೆ ಮಾಡ್ತಿದಾರೆ. ಅಪ್ಪ ಬರಲ್ಲ ಅಂತ ಹಟ ಹಿಡಿದಿದಾರೆ. ನೀವು ಬಂದ್ರೆ ಬರ್ತಾರಂತೆ."

"ಏನಾದ್ರೂ... ಅನುಮಾನ ಇದೆಯಾ ಪುಟ್ಟಿ?"

"ಅಯ್ಯೋ, ಅಂಥದ್ದೇನಿಲ್ಲ. ಎಲ್ಲರೂ ಮಾಡಿಸ್ತಿದಾರೆ ಅಂತ ಅಷ್ಟೇ. ಒಂದೊಂದು ಸಲ ಮರೀತಾರೆ, ವಯಸ್ಸಾಯ್ತಲ್ಲ."

ಆಗಲಾದರೂ ಹೇಳಬಹುದಿತ್ತು. ಅವಳ ಕಣ್ಣು ನನ್ನ ಕಣ್ಣನ್ನು ತಪ್ಪಿಸುತ್ತಿತ್ತು. ಅವಳಿಗೂ ಏನೋ ಗೊತ್ತಿತ್ತು. ನನಗೂ ಗೊತ್ತಿತ್ತು. ಇಬ್ಬರೂ ಸೇರಿ ಗುರುವಾರ ಎಷ್ಟು ಗಂಟೆಗೆ ಹೊರಡುವುದು ಎಂದು ಮಾತಾಡಿಕೊಂಡೆವು.

ಆರೋಗ್ಯ ಕೇಂದ್ರದ ಕೋಣೆ ಚಿಕ್ಕದು. ಮೇಜಿನ ಆ ಕಡೆ ಡಾಕ್ಟರಮ್ಮ, ವಯಸ್ಸು ಮೂವತ್ತರ ಆಸುಪಾಸು. ಅವರ ಬೆನ್ನ ಹಿಂದೆ ಗಾಜಿನ ಬಾಗಿಲಿನ ಔಷಧಿ ಬೀರು. ಈ ಕಡೆ ಡ್ರೈವರಣ್ಣ, ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ನೆಟ್ಟಗೆ ಕೂತಿದ್ದರು. ಅವರ ಹಿಂದೆ ಮಗಳು ಮತ್ತು ನಾನು.

"ಬನ್ನಿ ತಾತ, ಏನೂ ಹೆದರ್ಬೇಡಿ" ಎಂದರು ಡಾಕ್ಟರಮ್ಮ.

"ತಾತ ನನ್ನ ಮೊಮ್ಮಗಳಿಗೆ. ನಿಮಗೆ ಡ್ರೈವರ್. ಇನ್ನು ಹೆದರಿಕೆ... ನಿಮ್ಮ ಕೈಯಲ್ಲಿ ಪೆನ್ನು ಬಿಟ್ಟು ಬೇರೇನೂ ಇಲ್ವಲ್ಲ!"

ಡಾಕ್ಟರಮ್ಮ ನಕ್ಕರು. ಐದು ಪದ ಹೇಳಿ ನೆನಪಿಟ್ಟುಕೊಳ್ಳಲು ಹೇಳಿದರು: ಚಮಚ, ಕುದುರೆ, ಸೇತುವೆ, ಗುಂಡಿ, ನಿಂಬೆಹಣ್ಣು. ಆಮೇಲೆ ಪ್ರಶ್ನೆಗಳು. ಇವತ್ತು ತಾರೀಖು ಎಷ್ಟು? ಡ್ರೈವರಣ್ಣ ಗಂಟಲು ಸರಿಮಾಡಿಕೊಂಡರು. ಮಗಳು ಹಿಂದಿನಿಂದ, "ಅಪ್ಪಾ, ಬೆಳಗ್ಗೆ ಪೇಪರ್ ನೋಡ್ದಾಗ ಹದಿನೇಳು ಅಂದ್ರಲ್ಲ" ಎಂದಳು. "ಹಾಂ, ಹದಿನೇಳು" ಎಂದರು ಅವರು. ಡಾಕ್ಟರಮ್ಮ ಹುಬ್ಬು ಗಂಟು ಹಾಕಿದರೂ ಏನೂ ಅನ್ನದೆ ಬರೆದುಕೊಂಡರು. ನೂರರಿಂದ ಏಳೇಳು ಕಳೆಯುತ್ತಾ ಬನ್ನಿ ಎಂದಾಗ ಎಂಬತ್ತಾರರವರೆಗೆ ಬಂದು, "ಇಲ್ಲಿ ಸ್ವಲ್ಪ ಹೊತ್ತು ಗಾಡಿ ನಿಲ್ಲುತ್ತೆ, ಟೀ ಕುಡಿಯೋರು ಕುಡೀಬಹುದು" ಎಂದು ನಗಿಸಿಬಿಟ್ಟರು. ಮಾತಿನಲ್ಲಿ ಅವರನ್ನು ಮೀರಿಸುವವರಿಲ್ಲ. ಸಿಕ್ಕಿಬಿದ್ದಲ್ಲೆಲ್ಲ ಒಂದು ಜೋಕ್ ಹಾಕಿ ದಾಟಿಕೊಳ್ಳುತ್ತಿದ್ದರು.

ಕೊನೆಗೆ ಆ ಐದು ಪದ. "ಚಮಚ... ಕುದುರೆ..." ಅಲ್ಲಿಗೆ ನಿಂತರು.  ನನಗೆ ತಡೆಯಲಾಗಲಿಲ್ಲ. ಸದ್ದಿಲ್ಲದೆ ತುಟಿ ಆಡಿಸಿದೆ: ಸೇತುವೆ.

"ಸೇತುವೆ!" ಎಂದರು ಡ್ರೈವರಣ್ಣ. ಹೇಳಿ ಮುಗಿಸಿದ ತಕ್ಷಣ ಅವರ ಮುಖ ಬದಲಾಯಿತು. ಮೂವತ್ತು ವರ್ಷ ಕನ್ನಡಿಯಲ್ಲೇ ಮುಖ ನೋಡಿಕೊಂಡು ಮಾತಾಡಿದವರು ನಾವು. ಔಷಧಿ ಬೀರುವಿನ ಗಾಜಿನಲ್ಲಿ ನನ್ನ ತುಟಿ ಅವರಿಗೆ ಕಾಣದೆ ಇರುತ್ತದೆಯೇ?

ಕುರ್ಚಿ ತಿರುಗಿಸಿ ಎದ್ದು ನಿಂತರು.

"ಡಾಕ್ಟ್ರೇ, ಆ ಹಾಳೆ ಹರಿದುಹಾಕಿ. ಅದರಲ್ಲಿರೋ ತಾರೀಖು ನನ್ನ ಮಗಳದ್ದು, ಸೇತುವೆ ಇವನದ್ದು. ನಂದೇನಿದೆ ಅದ್ರಲ್ಲಿ?"

"ಅಪ್ಪಾ, ಸುಮ್ನೆ ಕೂತ್ಕೊಳ್ಳಿ..."

"ನೀನು ಸುಮ್ನಿರು. ಇಂಜಿನ್ನಲ್ಲಿ ನಾವು ಹೇಗೆ ಕೆಲಸ ಮಾಡ್ತಿದ್ವಿ ಗೊತ್ತಾ? ಸಿಗ್ನಲ್ ನೋಡಿ ನಾನು 'ಹಸಿರು' ಅಂತ ಕೂಗ್ಬೇಕು. ಪಕ್ಕದಲ್ಲಿರೋ ಅಸಿಸ್ಟೆಂಟು ತಾನೂ ಕಣ್ಣಲ್ಲಿ ನೋಡಿ 'ಹಸಿರು' ಅಂತ ಕೂಗ್ಬೇಕು. ನೋಡದೇನೇ, ಡ್ರೈವರ್ ಅಂದ್ರಲ್ಲ ಅಂತ ತಾನೂ ಹಸಿರು ಅನ್ನೋನನ್ನ ನಾನು ಮುಂದಿನ ಸ್ಟೇಷನ್ನಲ್ಲೇ ಇಳಿಸಿಬಿಡ್ತಿದ್ದೆ. ಯಾಕೆ? ಒಂದು ದಿನ ನನ್ನ ಕಣ್ಣಿಗೆ ಕೆಂಪು ಹಸಿರಾಗಿ ಕಂಡ್ರೆ? ಹಿಂದೆ ಸಾವಿರ ಜನ ಮಲಗಿರ್ತಾರೆ!" ನನ್ನ ಕಡೆ ತಿರುಗಿದರು. "ನೀನು ನಂಗೆ ಹಸಿರು ಹಸಿರು ಅಂತಿದೀಯ. ಎಷ್ಟು ದಿನದಿಂದ?"

 ಹೇಳಿದೆ. ಏಳು ಸಲ ಖಾಲಿ ಕತ್ತರಿ ಆಡಿಸಿದ್ದು, ಹಾರಿಹೋದ ನಿಲ್ದಾಣಗಳು, ಹಲ್ಲಿರುವ ಅದು, ಎಲ್ಲವನ್ನೂ. ಒಂದೊಂದು ಸಂಗತಿ ಹೇಳುವಾಗಲೂ ಅವರ ಭುಜ ಸ್ವಲ್ಪ ಸ್ವಲ್ಪ ಇಳಿಯುತ್ತಿತ್ತು. ನೋಡಲಾಗಲಿಲ್ಲ, ಆದರೂ ನಿಲ್ಲಿಸಲಿಲ್ಲ.

"ಏಳು ಸಲಾನಾ?" ಮಗಳು ಕೂಗಿಕೊಂಡಳು. "ನಂಗೆ ಯಾಕೆ ಹೇಳ್ಲಿಲ್ಲ ಚಿಕ್ಕಪ್ಪ? ದಿನಾ ನನ್ನ ಮಗು ಸ್ಕೂಲಿಗೆ ಇವರ ಸ್ಕೂಟರ್ ಹಿಂದೆ ಕೂತ್ಕೊಂಡು ಹೋಗುತ್ತೆ!"

"ನೀನು ಈಗ ತಾನೆ ತಾರೀಖು ಹೇಳಿಕೊಟ್ಯಲ್ಲಮ್ಮ!" ಎಂದು ನಾನೂ ಕೂಗಿದೆ. "ನಂದು ಕತ್ತರಿ, ನಿಂದು ಕ್ಯಾಲೆಂಡರ್. ಇಬ್ಬರೂ ಒಂದೇ ಗಾಡಿ ಹತ್ತಿದೀವಿ."

ಅವಳು ಅಲ್ಲೇ ಕೂತು ಅಳತೊಡಗಿದಳು. ನನಗೂ ಅಳು ಬಂದಿತ್ತು, ಕೋಪದಲ್ಲಿ ಅದು ಮರೆಯಾಗಿತ್ತು, ಅಷ್ಟೇ.

ಡ್ರೈವರಣ್ಣ ಬಾಗಿಲು ತೆರೆದು ಹಿಡಿದರು. "ಇಬ್ಬರೂ ಆಚೆ ನಡೀರಿ. ಡಾಕ್ಟ್ರೇ, ಹೊಸ ಹಾಳೆ ತೆಗೀರಿ. ಪದಗಳೂ ಬೇರೆ ಇರ್ಲಿ. ಫೇಲಾದ್ರೆ ನಾನೇ ಫೇಲಾಗ್ತೀನಿ, ನನ್ನ ಸ್ವಂತ ಫೇಲು."

ಹೊರಗಿನ ಬೆಂಚಿನ ಮೇಲೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಅರ್ಧ ಗಂಟೆ ಕೂತಿದ್ದೆವು. ಒಳಗಿನಿಂದ ಒಂದೂ ನಗು ಕೇಳಿಸಲಿಲ್ಲ. ಈ ಸಲ ಅವರು ಜೋಕ್ ಹಾಕುತ್ತಿರಲಿಲ್ಲ.

ನಮ್ಮನ್ನು ಒಳಗೆ ಕರೆದ ಮೇಲೆ ಡಾಕ್ಟರಮ್ಮ ಮಗಳ ಕಡೆ ತಿರುಗಿ, "ನೋಡಿ, ನಿಮ್ಮ ತಂದೆಯವರಿಗೆ..." ಎಂದು ಶುರುಮಾಡಿದರು.

"ತಲೆ ನಂದು" ಎಂದರು ಡ್ರೈವರಣ್ಣ. "ನನ್ನ ಹತ್ರ ಮಾತಾಡಿ."

 ಡಾಕ್ಟರಮ್ಮ ಕುರ್ಚಿಯನ್ನೇ ಅವರ ಕಡೆ ಎಳೆದುಕೊಂಡರು. ಒಳ್ಳೆಯ ಹುಡುಗಿ, ಸುಳ್ಳು ಹೇಳಬಾರದು.

"ಸರಿ, ಡ್ರೈವರ್ ಸಾಹೇಬ್ರೇ. ಇದು ತೀರ್ಪಲ್ಲ. ಆದ್ರೆ ನೆನಪು ಇರಬೇಕಾದ್ದಕ್ಕಿಂತ ಹೆಚ್ಚು ಜಾರ್ತಿದೆ. ಮರೆವಿನ ಕಾಯಿಲೆಯ ಮೊದಲ ಸೂಚನೆ ಇರಬಹುದು, ಬೇರೆ ಕಾರಣಾನೂ ಇರಬಹುದು. ರಕ್ತ ಪರೀಕ್ಷೆ ಮಾಡಿಸೋಣ. ಬಿಪಿ ನೋಡೋಣ, ಕಿವೀನೂ ನೋಡೋಣ. ಸರಿಯಾಗಿ ಕೇಳಿಸ್ಕೊಳ್ಳದೇ ಇರೋದು ನೆನಪಲ್ಲಿ ಹೇಗೆ ನಿಲ್ಲುತ್ತೆ? ದೊಡ್ಡಾಸ್ಪತ್ರೆಗೂ ಚೀಟಿ ಬರ್ಕೊಡ್ತೀನಿ. ಆರು ತಿಂಗಳಿಗೆ ಮತ್ತೆ ನನ್ನ ಹತ್ರ ಬನ್ನಿ." ನನ್ನ ಕಡೆ ನೋಡಿ, "ನನ್ನ ಹಾಳೆಗಿಂತ ನೀವು ಹೇಳಿದ್ದೇ ಹೆಚ್ಚು ಉಪಯೋಗಕ್ಕೆ ಬಂತು. ಐದು ತಿಂಗಳು ಮುಂಚೆ ಹೇಳಿದ್ರೆ ಇನ್ನೂ ಉಪಯೋಗ ಆಗ್ತಿತ್ತು" ಎಂದರು.

ಮುಖಕ್ಕೆ ಹೊಡೆದ ಹಾಗಾಯಿತು. ಆ ಏಟು ನನಗೆ ಬೀಳಬೇಕಾದ್ದೇ.

ಹೊರಗೆ ಬಂದ ಮೇಲೆ ಡ್ರೈವರಣ್ಣ ಕೇಂದ್ರದ ಮೆಟ್ಟಿಲ ಮೇಲೆ ಕೂತುಬಿಟ್ಟರು. ಜೇಬಿನಿಂದ ಸ್ಕೂಟರಿನ ಕೀ ತೆಗೆದು ಮಗಳ ಕೈಯಲ್ಲಿಟ್ಟರು. ಅವಳು ಬೇಡ ಬೇಡ ಎನ್ನುತ್ತಿದ್ದಳು.

"ನೀನು ಕಿತ್ಕೊಳ್ಳೋದಕ್ಕಿಂತ ಮುಂಚೆ ನಾನೇ ಕೊಡ್ತಿದೀನಿ, ಇಸ್ಕೋ. ನಾಳೆಯಿಂದ ಮಗೂನ ನಡೆಸ್ಕೊಂಡು ಹೋಗ್ತೀನಿ. ಒಂದು ವಾರ ನೀನೂ ಜೊತೇಲಿ ಬಂದು ನೋಡು. ದಾರಿ ತಪ್ಪಿದ್ರೆ ಅದನ್ನೂ ನಿಲ್ಲಿಸ್ತೀನಿ." ಆಮೇಲೆ ಇಬ್ಬರನ್ನೂ ನೋಡಿ ಹೇಳಿದರು, "ಏನೂ ತಿಳೀದೇ ಹೋಗೋ ದಿನ ಬಂದ್ರೆ ಬರ್ಲಿ. ಅವತ್ತು ನೀವು ಏನು ಬೇಕಾದ್ರೂ ಮಾಡ್ಕೊಳ್ಳಿ. ಅಲ್ಲೀವರೆಗೆ ನನ್ನ ವಿಷಯ ನಾನೇ ತೀರ್ಮಾನ ಮಾಡ್ತೀನಿ. ಅದಕ್ಕೆ ನಂಗೆ ನಿಜ ಬೇಕು. ನೀವಿಬ್ರೂ ಸೇರಿ ನಿಜ ಮುಚ್ಚಿಟ್ರೆ ಆ ದಿನ ಈಗ್ಲೇ ಬಂದ ಹಾಗೆ, ಅಲ್ವಾ?"

ನನ್ನ ಅಂಗಿಯ ತುದಿ ಹಿಡಿದು ಎಳೆದರು.

"ಏ ಮಹಾರಾಯ, ನಿಂಗೇ ಹೇಳ್ತಿರೋದು. ಮುಂದಿನ ಸಲ ನಾನು ಸುಮ್ಸುಮ್ನೆ ಬಂದು ಕೂತ್ರೆ ಮುಖಕ್ಕೆ ಹೇಳು. ಯಾರಿದ್ರೂ ಸರಿ."

"ಆಯ್ತು" ಎಂದೆ. ಹೇಳುವಾಗ ಬಹಳ ಸುಲಭವಾಗಿತ್ತು.

ಪರೀಕ್ಷೆಗಳು ಒಂದೊಂದಾಗಿ ಆದವು. ಬಲಗಿವಿ ಮಂದವಾಗಿದೆ ಎಂದು ಒಂದು ಪುಟ್ಟ ಯಂತ್ರ ಬಂತು; ಬಿಪಿಗೆ ಮಾತ್ರೆ ಬಂತು. ದೊಡ್ಡಾಸ್ಪತ್ರೆಯವರು ಮೆದುಳಿನ ಚಿತ್ರ ತೆಗೆದು, ಈಗಲೇ ಖಚಿತವಾಗಿ ಹೇಳಲಾಗದು, ಗಮನಿಸುತ್ತಿರಬೇಕು ಎಂದರು. ಮೊಮ್ಮಗಳ ಕೈ ಹಿಡಿದುಕೊಂಡು ಅವರು ದಿನವೂ ನನ್ನ ಅಂಗಡಿಯ ಮುಂದೆ ನಡೆದು ಹೋಗುತ್ತಿದ್ದರು. ಎರಡು ತಿಂಗಳು ಎಲ್ಲವೂ ಸರಿಯಾಗಿತ್ತು. ತಿಂಗಳ ಮೊದಲ ಗುರುವಾರ ಮಾತ್ರ ಬಂದರು. ಒಂಬತ್ತೆಂದರೆ ಒಂಬತ್ತಕ್ಕೆ ಬಂದರು.

ಮೂರನೆಯ ತಿಂಗಳು ಗುರುವಾರ ಬಂದು ಹೋದವರು, ಶನಿವಾರ ಮತ್ತೆ ಬಂದರು.

ಶನಿವಾರ ನನ್ನ ಅಂಗಡಿ ಗಿಜಿಗುಡುತ್ತಿರುತ್ತದೆ. ಬೆಂಚಿನ ಮೇಲೆ ಐದು ಜನ ಒತ್ತಿಕೊಂಡು ಕೂತಿದ್ದರು. ನನ್ನ ಕುರ್ಚಿ ಆಗಷ್ಟೇ ಖಾಲಿಯಾಗಿತ್ತು. ಡ್ರೈವರಣ್ಣ ಯಾರನ್ನೂ ನೋಡದೆ ನೇರವಾಗಿ ಬಂದು ಅದರಲ್ಲಿ ಕೂತು, ಕಣ್ಣು ಮುಚ್ಚಿ ಕತ್ತು ಬಗ್ಗಿಸಿದರು. "ಬೇಗ ಮುಗಿಸಪ್ಪ, ಸ್ಕೂಲ್ ಬಿಡೋ ಹೊತ್ತಾಯ್ತು." ಮೊಮ್ಮಗಳ ಶಾಲೆಗೆ ಶನಿವಾರ ರಜೆ.

ನನ್ನ ಕೈ ತನ್ನಷ್ಟಕ್ಕೆ ತಾನೇ ಬಟ್ಟೆಯ ಕಡೆ ಹೋಯಿತು. ಹತ್ತು ನಿಮಿಷದ ಮಾತು. ಯಾರಿಗೆ ಏನು ನಷ್ಟ? ಪರದೆ ಸ್ವಲ್ಪ ಸರಿಯಿತು, ಹೆಂಡತಿ ನೋಡುತ್ತಿದ್ದಳು. ಕೈ ಹಿಂದಕ್ಕೆ ತೆಗೆದುಕೊಂಡೆ.

"ಡ್ರೈವರಣ್ಣ, ನೀವು ಗುರುವಾರ ಬಂದಿದ್ರಿ. ಕಟಿಂಗ್ ಆಗಿದೆ."

ಅವರು ಕಣ್ಣು ತೆರೆದರು. "ಯಾವ ಗುರುವಾರ?"

"ಮೊನ್ನೆ. ಒಂಬತ್ತು ಗಂಟೆಗೆ."

"ಸುಳ್ಳು."

"ಸುಳ್ಳಲ್ಲ ಡ್ರೈವರಣ್ಣ. ಮುಖಕ್ಕೆ ಹೇಳು ಅಂತ ನೀವೇ..."

"ನಾನೆಲ್ಲಿ ಹೇಳ್ದೆ? ಇಷ್ಟು ಜನರ ಮುಂದೆ ನನ್ನನ್ನ ಹುಚ್ಚ ಅಂತ ಮಾಡ್ತಿದೀಯಾ?" ಎದ್ದು ನಿಂತರು.  "ನಿನ್ನ ಅಂಗಡಿ ಮುಖ ಇನ್ನು ನೋಡಲ್ಲ!"

ಬೆಂಚಿನಿಂದ ದಪ್ಪ ಮೀಸೆಯವನೊಬ್ಬ ಬಾಯಿ ಹಾಕಿದ. "ಪಾಪ, ವಯಸ್ಸಾಯ್ತಲ್ಲ. ಎರಡು ಸಲ ಕತ್ತರಿ ಆಡಿಸಿ ಕಳ್ಸಪ್ಪ, ನಿನ್ನ ಗಂಟೇನು ಹೋಗುತ್ತೆ?"

"ಬಾಯಿ ಮುಚ್ಕೊಂಡು ಕೂತ್ಕೊ! ಇಲ್ಲಾಂದ್ರೆ ಅರ್ಧ ಮೀಸೆ ತೆಗೆದು ಕಳಿಸ್ತೀನಿ!" ಎಂದು ಅಬ್ಬರಿಸಿದೆ.  ಡ್ರೈವರಣ್ಣ ಆಗಲೇ ಬಾಗಿಲು ದಾಟಿದ್ದರು. ಅವರ ಬೆನ್ನಿಗೆ ಕೂಗಿದೆ, ನನ್ನ ಗಂಟಲು ಒಡೆದುಹೋಗುವ ಹಾಗೆ. "ಗುರುವಾರ ಆಗಿದೆ ಡ್ರೈವರಣ್ಣ! ನೀವು ಬೈದ್ರೂ ಆಗಿದೆ, ಬರದೇ ಇದ್ರೂ ಆಗಿದೆ!"

ಅವರು ತಿರುಗಲಿಲ್ಲ. ಮೂವತ್ತು ವರ್ಷದ ಸ್ನೇಹವನ್ನು ನನ್ನ ಬಾಯಿಂದಲೇ ಓಡಿಸಿಬಿಟ್ಟೆ ಎಂದು ಕುರ್ಚಿಯ ಬೆನ್ನು ಹಿಡಿದು ನಿಂತೆ. ಮುಂದಿನ ಗಿರಾಕಿಯನ್ನು ಕರೆಯಲಿಲ್ಲ. ಹೆಂಡತಿ ಹೊರಗೆ ಬಂದು ಒಂದು ಲೋಟ ನೀರು ಕೊಟ್ಟಳು. 

ಹತ್ತು ನಿಮಿಷ ಆಗಿರಬೇಕು. ಬಾಗಿಲಲ್ಲಿ ನೆರಳು ಕಂಡಿತು. ಡ್ರೈವರಣ್ಣ ಹೊಸ್ತಿಲ ಮೇಲೆ ನಿಂತಿದ್ದರು. ಬಲಗೈ ಕತ್ತಿನ ಹಿಂದೆ ಇತ್ತು. ಎರಡು ದಿನದ ಮೊಟಕು ಕೂದಲಿನ ಮೇಲೆ ಬೆರಳುಗಳು ಮೇಲಕ್ಕೂ ಕೆಳಕ್ಕೂ ಹರಿದಾಡುತ್ತಿದ್ದವು. ಒಂದು ಸಲ, ಮತ್ತೊಂದು ಸಲ, ನಿಧಾನವಾಗಿ. ಕಿವಿಯ ಹಿಂದೆಯೂ ಮುಟ್ಟಿ ನೋಡಿಕೊಂಡರು. ನಾವು ಏಳೂ ಜನ ನೋಡುತ್ತಿದ್ದೆವು.

"ಗುರುವಾರ ಆಗಿದೆ" ಎಂದರು. ಪಿಸುಗುಟ್ಟಲಿಲ್ಲ, ಇಂಜಿನ್ನಿನ ಸದ್ದನ್ನು ಮೀರಿ ಕೂಗುವವರ ಹಾಗೆ, ಬೀದಿಗೆಲ್ಲ ಕೇಳಿಸುವ ಹಾಗೆ ಹೇಳಿದರು.

ಮೀಸೆಯವನು ಎದ್ದು ಜಾಗ ಬಿಟ್ಟ. ಅವರು ಕೂತರು, ಪೇಪರ್ ಬಿಡಿಸಿದರು.

"ಮತ್ತೆ ಬಂದ್ರೆ ಮತ್ತೆ ಹೇಳು. ನಾನು ಬೈದ್ರೂ ಹೇಳು."

"ಬೈದ್ರೆ ನಾನೂ ಬೈತೀನಿ."

"ಬಯ್ಯಿ. ಆದ್ರೆ ಹೇಳು."

"ಹೇಳ್ತೀನಿ" ಎಂದೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ, ನೋಡುವವರು ನೋಡಲಿ.